ದಿನ ತುಂಬದ ಮಗುವಿನ ಹಾಲಿನ ಹಕ್ಕು

ದಿನ ತುಂಬುವ ಮೊದಲೇ ಹೆರಿಗೆಯಾದರೆ ಮನೆಯವರ ಚಿಂತೆಯೆಲ್ಲ ಮಗುವಿನ ಉಸಿರಿನ ಬಗ್ಗೆಯೇ ಇರುತ್ತದೆ. ಹಾಲಿನ ವಿಷಯ ಹಿಂದೆ ಬೀಳುತ್ತದೆ. 'ಅಂಗೈಯಷ್ಟು ಕೂಸು, ಅದೇನು ಕುಡಿದೀತು?' ಎಂದು ಹಿರಿಯರು ಹೇಳುತ್ತಾರೆ, ತಾಯಿಯೂ ಸುಮ್ಮನಾಗುತ್ತಾಳೆ. ಆದರೆ ತಾಯಿಯ ಹಾಲು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇಂತಹ ಮಗುವಿಗೇ.

ಪವಿತ್ರ ಕುರ್‌ಆನ್ ಈ ಬಗ್ಗೆ ಏನು ತಿಳಿಸುತ್ತದೆಂದು ನೋಡಿರಿ. ಗರ್ಭಧಾರಣೆ ಮತ್ತು ಹಾಲು ಬಿಡಿಸುವಿಕೆಯ ಒಟ್ಟು ಅವಧಿಯನ್ನು ಅದು ಮೂವತ್ತು ತಿಂಗಳೆಂದು ಹೇಳುತ್ತದೆ (ಅಲ್ ಅಹ್ಕಾಫ್: 15). ಹಾಲುಣಿಸುವ ಪೂರ್ಣ ಅವಧಿ ಎರಡು ವರ್ಷ (ಅಲ್ ಬಕರಃ: 233). ಮೂವತ್ತರಲ್ಲಿ ಇಪ್ಪತ್ತನಾಲ್ಕನ್ನು ಕಳೆದರೆ ಉಳಿಯುವುದು ಆರು. ಮದುವೆಯಾದ ಆರು ತಿಂಗಳಿಗೆ ಹೆತ್ತ ಸ್ತ್ರೀಯೋರ್ವಳ ಮೇಲೆ ಅಪವಾದ ಬಂದಾಗ ಹಝ್ರತ್ ಅಲೀ(ರ) ಅವಳ ಪರವಾಗಿ ಈ ಲೆಕ್ಕವನ್ನೇ ಮುಂದಿಟ್ಟರೆಂದು ವರದಿಯಾಗಿದೆ. ಇಬ್ನು ಅಬ್ಬಾಸ್(ರ) ಇನ್ನೂ ಮುಂದೆ ಹೋದರು. ಒಂಬತ್ತು ತಿಂಗಳಿಗೆ ಹುಟ್ಟಿದ ಮಗುವಿಗೆ ಇಪ್ಪತ್ತೊಂದು ತಿಂಗಳ ಹಾಲು ಸಾಕು, ಏಳು ತಿಂಗಳಿಗೆ ಹುಟ್ಟಿದರೆ ಇಪ್ಪತ್ತಮೂರು, ಆರು ತಿಂಗಳಿಗೆ ಹುಟ್ಟಿದರೆ ಪೂರ್ತಿ ಎರಡು ವರ್ಷ ಎಂಬ ಅವರ ಅಭಿಪ್ರಾಯವನ್ನು ಇಬ್ನು ಕಸೀರ್ ತಮ್ಮ ತಫ್ಸೀರ್‌ನಲ್ಲಿ ಉದ್ಧರಿಸಿದ್ದಾರೆ. ಇದನ್ನು ಬರಿಯ ಗಣಿತವೆಂದು ಓದಿ ಮುಂದೆ ಹೋಗಬೇಡಿ. ಗರ್ಭದಲ್ಲಿ ನಷ್ಟವಾದ ತಿಂಗಳುಗಳನ್ನು ಹಾಲಿನಲ್ಲಿ ತುಂಬಿಕೊಡಬೇಕೆಂಬ ಭಾವ ಅದರಲ್ಲಿದೆ.

ವೈದ್ಯರು 37 ವಾರಗಳಿಗೆ ಮುನ್ನ ಹುಟ್ಟಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಬೇಗ ಹೆತ್ತ ತಾಯಿಯ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನು ಹೆಚ್ಚು, ರೋಗ ತಡೆಯುವ ಅಂಶಗಳೂ ಹೆಚ್ಚು. ಸೃಷ್ಟಿಕರ್ತನ ವ್ಯವಸ್ಥೆ ಹೀಗಿದೆ! ಡಬ್ಬಿ ಹಾಲು ಕುಡಿದ ಇಂತಹ ಶಿಶುಗಳಲ್ಲಿ ಕರುಳು ಕೊಳೆಯುವ ಮಾರಕ ರೋಗ ಹೆಚ್ಚಾಗಿ ಕಾಣುತ್ತದೆ. ನೀರು ಬೆರೆಸಿದ ಹಸುವಿನ ಹಾಲಂತೂ ಬೇಡವೇ ಬೇಡ. ಸುಮಾರು 34 ವಾರ ತುಂಬುವವರೆಗೆ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಹೊಂದಿ ಬರುವುದಿಲ್ಲ. ಆದ್ದರಿಂದ ಮೊದಲು ನಳಿಕೆಯಲ್ಲಿ, ಅನಂತರ ಒಳಲೆಯಲ್ಲಿ ಕುಡಿಸುತ್ತಾರೆ. ಚೀಪದ ಮಗುವಿಗೆ ಹಾಲು ಬೇಡವೆಂದು ಅರ್ಥವಲ್ಲ. ಹಾಲನ್ನು ಹಿಂಡಿ ಕೊಡಬೇಕೆಂದು ಅರ್ಥ.

ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಆರಂಭಿಸಬೇಕು. ದಿನಕ್ಕೆ ಎಂಟು ಬಾರಿ, ರಾತ್ರಿಯೂ ಬಿಡದೆ. ಮೊದಲ ದಿನ ಒಂದು ಚಮಚದಷ್ಟೂ ಬಾರದಿರಬಹುದು. ಹಳದಿ ಬಣ್ಣದ ಆ ಗಟ್ಟಿ ಹಾಲನ್ನು ಚೆಲ್ಲುವವರು ಮಗುವಿನ ಮೊದಲ ಔಷಧಿಯನ್ನೇ ಚೆಲ್ಲುತ್ತಾರೆ. ನಿಫಾಸ್‌ನ ದಿನಗಳಲ್ಲಿ ಹಿಂಡಿದ ಹಾಲು ಅಶುದ್ಧವಲ್ಲವೇ ಎಂದು ಕೆಲವು ಸಹೋದರಿಯರು ಸಂದೇಹಪಡುತ್ತಾರೆ. ಅಲ್ಲ, ಅದು ಶುದ್ಧ. ತಹ್ನೀಕ್ ಮಾಡಿಸುವ ಆತುರದಲ್ಲಿ ನಳಿಕೆ ಹಾಕಿರುವ ಮಗುವಿನ ಬಾಯಿಗೆ ಏನನ್ನೂ ಇಡಬೇಡಿ, ಜೇನನ್ನಂತೂ ಇಡಲೇಬೇಡಿ. ವೈದ್ಯರು ಒಪ್ಪಿದ ಮೇಲೆ ಖರ್ಜೂರದ ಸುನ್ನತ್ ನೆರವೇರಿಸಬಹುದು.

ನಮ್ಮ ಆಂಡರ್ಸನ್‌ಪೇಟೆಯಂತಹ ಕಡೆ ಇನ್ನೊಂದು ತೊಡಕಿದೆ. ತೂಕ ತೀರಾ ಕಡಿಮೆಯಿರುವ ಮಗುವನ್ನು ಕೋಲಾರಕ್ಕೋ ಬೆಂಗಳೂರಿಗೋ ಕಳುಹಿಸುತ್ತಾರೆ. ಆಪರೇಷನ್ ಆದ ತಾಯಿ ಇಲ್ಲಿಯೇ ಉಳಿಯುತ್ತಾಳೆ. ಆಗ ಹಾಲನ್ನೇ ಮಗುವಿನ ಬಳಿಗೆ ಸಾಗಿಸಬೇಕು. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಕುದಿಸಿದ ಪಾತ್ರೆಯಲ್ಲಿ ಮುಚ್ಚಿ, ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಬೇಕು. ಹಾಲುಣಿಸುವ ತಾಯಿಯ ಅನ್ನ, ವಸ್ತ್ರಗಳ ಹೊಣೆಯನ್ನು ಅಲ್ಲಾಹನು ತಂದೆಯ ಮೇಲಿಟ್ಟಿದ್ದಾನೆ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿಗೆ ಆ ಡಬ್ಬಿ ಹಿಡಿದು ಹತ್ತುವುದೂ ಆ ಹೊಣೆಯ ಒಂದು ಭಾಗವೆಂದೇ ನಾನು ತಿಳಿಯುತ್ತೇನೆ.

ಇಷ್ಟಾಗಿಯೂ ತಾಯಿಗೆ ಹಾಲು ಬಾರದಿದ್ದರೆ? ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕ್ ಇದೆ. ಇಂತಹ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಹಲವು ತಾಯಂದಿರ ಹಾಲನ್ನು ಕೂಡಿಸಿ, 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ. ನಮಗೆ ಸಮಸ್ಯೆ ಹುಟ್ಟುವುದು ಇಲ್ಲಿ. ಹಾಲು ಕುಡಿಸಿದವಳು ತಾಯಿಯಾಗುತ್ತಾಳೆ, ಅವಳ ಮಕ್ಕಳು ಒಡಹುಟ್ಟಿದವರಾಗುತ್ತಾರೆ, ಅವರೊಳಗೆ ವಿವಾಹ ನಿಷಿದ್ಧ (ಅನ್ನಿಸಾ: 23). ಹನಫೀ ಮದ್‌ಹಬ್‌ನಲ್ಲಿ ಸ್ವಲ್ಪ ಹಾಲು ಹೊಟ್ಟೆ ಸೇರಿದರೂ ಸಂಬಂಧ ಏರ್ಪಡುತ್ತದೆ. ಶಾಫಿಈಯವರಲ್ಲಿ ಐದು ಬಾರಿ ಆಗಬೇಕು. ತಾಯಿ ಯಾರೆಂದು ತಿಳಿಯದ ಹಾಲು ಕುಡಿಸಿದರೆ ನಾಳೆ ಯಾರು ಯಾರ ಸಹೋದರ? ಈ ಕಾರಣದಿಂದಲೇ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1985ರಲ್ಲಿ ಬ್ಯಾಂಕಿನ ಹಾಲನ್ನು ನಿಷೇಧಿಸಿತು. ನೇರವಾಗಿ ಎದೆಯಿಂದ ಕುಡಿದರೆ ಮಾತ್ರ ಸಂಬಂಧ ಬರುತ್ತದೆಂದು ವಾದಿಸಿ ಯೂಸುಫ್ ಅಲ್ ಕರ್ಝಾವಿಯವರು ಅನುಮತಿಸಿದರು.

ಹಾಗಾದರೆ ನೀವೇನು ಮಾಡಬೇಕು? ಮೊದಲು ನಿಮ್ಮ ಬಂಧುಗಳಲ್ಲಿ ಹಾಲುಣಿಸುತ್ತಿರುವ ಸ್ತ್ರೀ ಇದ್ದಾರೆಯೇ ಎಂದು ನೋಡಿರಿ; ಅವರ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಒಪ್ಪಿಗೆಯಿಂದ ಅವರ ಹಾಲು ಕೊಡಿಸಿರಿ. ಅದೂ ಇಲ್ಲದೆ, ಬೇರೆ ಹಾಲು ಕರುಳಿಗೆ ಅಪಾಯವೆಂದು ವೈದ್ಯರು ಎಚ್ಚರಿಸಿದರೆ, ನೀವೇ ಫತ್ವಾ ಕೊಟ್ಟುಕೊಂಡು ಬ್ಯಾಂಕಿನ ಹಾಲನ್ನು ನಿರಾಕರಿಸಿ ಮಗುವನ್ನು ಉಪವಾಸ ಕೆಡವಬೇಡಿ. ಅಂದೇ ಆಲಿಮರೊಬ್ಬರನ್ನು ಕೇಳಿರಿ. ಒಬ್ಬಳೇ ತಾಯಿಯ ಹಾಲು ಸಿಗುವುದೇ, ಅವಳ ವಿವರ ದೊರೆಯುವುದೇ ಎಂದು ಆಸ್ಪತ್ರೆಯವರನ್ನು ವಿಚಾರಿಸಿರಿ.

ಯಾರ ಹಾಲಾದರೂ ಬರೆದಿಡಿ. ಉಕ್ಬಾ ಬಿನ್ ಹಾರಿಸ್(ರ) ವಿವಾಹವಾದ ಮೇಲೆ ಓರ್ವ ಸ್ತ್ರೀ ಬಂದು, 'ನಿಮ್ಮಿಬ್ಬರಿಗೂ ನಾನು ಹಾಲುಣಿಸಿದ್ದೇನೆ' ಎಂದಳು. ಅವರಿಗೆ ಅದು ಗೊತ್ತೇ ಇರಲಿಲ್ಲ. ಮಕ್ಕಾದಿಂದ ಮದೀನಾಕ್ಕೆ ಸವಾರಿ ಹೋಗಿ ಪ್ರವಾದಿ(ಸ)ರನ್ನು ಕೇಳಿದರು, ಹಿಂದಿರುಗಿ ಪತ್ನಿಯಿಂದ ಬೇರ್ಪಟ್ಟರು (ಬುಖಾರಿ). ಹಾಲು ಕೊಟ್ಟ ತಾಯಿಯ ಹೆಸರು, ಅವಳ ಗಂಡನ ಹೆಸರು, ಊರು, ತಾರೀಕು, ಎಷ್ಟು ಬಾರಿ ಎಂಬುದನ್ನು ಎರಡು ಪ್ರತಿ ಮಾಡಿ ಎರಡೂ ಮನೆಗಳಲ್ಲಿ ಇಡಿ. ಒಂದು ಪ್ರತಿಯನ್ನು ಮಗುವಿನ ಜನನ ಪತ್ರದ ಜೊತೆಗೇ ಇಟ್ಟರೆ ಮದುವೆಯ ಮಾತು ಬಂದಾಗ ಕೈಗೆ ಸಿಗುತ್ತದೆ.