ಒಂಟಿಯಾಗಿ ಕೆಡುವವು, ಜೊತೆಗೊಯ್ಯುವವು

ಬಳಸಿದ ಕಂಪ್ಯೂಟರ್ ಬಿಡಿಭಾಗವನ್ನು ಅಂಗಡಿಯಲ್ಲಿ ಕೊಳ್ಳುವಾಗಲಾಗಲಿ, ಮನೆಯಲ್ಲಿ ಕೆಟ್ಟು ನಿಂತ ಯಂತ್ರದಿಂದ ಕಳಚಿ ಮತ್ತೊಂದಕ್ಕೆ ಜೋಡಿಸುವಾಗಲಾಗಲಿ, ಅದು ಕೆಟ್ಟ ದಿನ ತನ್ನೊಡನೆ ಏನೇನನ್ನು ಕೆಡಿಸಬಲ್ಲದು ಎಂಬ ಲೆಕ್ಕವೇ ಅದಕ್ಕೆ ಕೊಡಬಹುದಾದ ಬೆಲೆಯನ್ನು ನಿರ್ಧರಿಸಬೇಕು. ಮುನಿರಾಬಾದಿನಲ್ಲಿ ನೆಲೆಸಿ, ಹೊಸಪೇಟೆ ಮತ್ತು ಕೊಪ್ಪಳದ ಅಂಗಡಿಗಳಿಂದ ತಂದ ಹಳೆಯ ಭಾಗಗಳಿಂದಲೇ ಮನೆಯ ಕಂಪ್ಯೂಟರನ್ನು ನಡೆಸಿಕೊಂಡು ಬಂದಿರುವ ಈ ಅಂಕಣಕಾರನ ವಾಡಿಕೆಯಲ್ಲಿ ಬಿಡಿಭಾಗಗಳು ಎರಡೇ ಬಗೆಯವು: ಕೆಟ್ಟರೆ ಒಂಟಿಯಾಗಿ ಕೆಡುವವು ಮತ್ತು ನೆರೆಯವನ್ನೂ ಜೊತೆಗೊಯ್ಯುವವು.

ಮೊದಲ ಬಗೆಗೆ ಪ್ರೊಸೆಸರ್ ಮತ್ತು ರ‍್ಯಾಮ್ ಸೇರುತ್ತವೆ. ಪ್ರೊಸೆಸರ್ ತಾನಾಗಿ ಕೆಡುವುದು ಅಪರೂಪವಾದ್ದರಿಂದ ಅದರ ಇಲ್ಲವೇ ಅದು ಕೂರುವ ಸಾಕೆಟ್ಟಿನ ಕಡ್ಡಿಗಳು ಬಾಗಿಲ್ಲವೆಂಬುದನ್ನು ಕಣ್ಣಾರೆ ನೋಡಿದರೆ ಬಹುಪಾಲು ಸಾಕು. ರ‍್ಯಾಮನ್ನು ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶದಿಂದ ರಾತ್ರಿಯಿಡೀ ಪರೀಕ್ಷೆಗೊಡ್ಡಿ, ಒಂದೇ ಒಂದು ದೋಷ ಕಂಡರೂ ಹಿಂತಿರುಗಿಸುವುದು ಲೇಸು. ಸರ್ವರುಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗವಾಗಿ ಸಿಕ್ಕರೂ ಸಾಮಾನ್ಯ ಮದರ್‌ಬೋರ್ಡಿನಲ್ಲಿ ಅದು ಕೆಲಸ ಮಾಡದು.

ಎರಡನೆಯ ಬಗೆಯಲ್ಲಿ ಹಾರ್ಡ್ ಡಿಸ್ಕ್ ಕೆಡಿಸುವುದು ಯಂತ್ರವನ್ನಲ್ಲ, ಅದರೊಳಗಿನ ದಾಖಲೆಗಳನ್ನು. ಮಕ್ಕಳ ಫೋಟೊ, ಪಹಣಿಯ ಪ್ರತಿ, ತೆರಿಗೆಯ ಕಾಗದಗಳಿಗೆ ಅಂಗಡಿಯವನು ಗ್ಯಾರಂಟಿ ಕೊಡಲಾರನು. ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಕರೆಯಲಾಗುವ ಈ ದಾಖಲೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಕ್ರಮಸಂಖ್ಯೆ 5ರ ಎದುರು ಕೆಟ್ಟುಹೋಗಿ ಬದಲಾಯಿಸಲ್ಪಟ್ಟ ತುಣುಕುಗಳ ಎಣಿಕೆ, 197ರ (ಈ ತಂತ್ರಾಂಶದಲ್ಲಿ C5 ಎಂದು ಕಾಣುವ ಸಾಲಿನ) ಎದುರು ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ತುಣುಕುಗಳ ಎಣಿಕೆ, ಬೇರೊಂದು ಸಾಲಿನಲ್ಲಿ ಡಿಸ್ಕು ಒಟ್ಟು ಓಡಿದ ಗಂಟೆಗಳು ಕಾಣುತ್ತವೆ. ಮೊದಲೆರಡು ಸೊನ್ನೆಯಲ್ಲದಿದ್ದರೆ ಚೌಕಾಸಿಗೆ ಕಾರಣವೇ ಉಳಿಯದು. ಹಗಲಿರುಳು ಓಡುವ ಡಿಸ್ಕು ವರ್ಷಕ್ಕೆ 8,760 ಗಂಟೆ ಸವೆಯುವುದರಿಂದ, ಸಿಸಿಟಿವಿ ರೆಕಾರ್ಡರಿನಲ್ಲಿ ಮೂರು ವರ್ಷ ದುಡಿದದ್ದು 26,000 ಗಂಟೆ ದಾಟಿರುತ್ತದೆ. ಅಂಥ ಡಿಸ್ಕನ್ನು ಸಿನಿಮಾ ತುಂಬಿಡಲು ಬಳಸಬಹುದೇ ಹೊರತು ಒಂದೇ ಪ್ರತಿಯಿರುವ ದಾಖಲೆಗೆ ಬಳಸಬಾರದು. ಗಂಟೆಗಳನ್ನು ಸೊನ್ನೆಗಿಳಿಸುವ ಕೈಚಳಕವೂ ಇರುವುದರಿಂದ, ಹತ್ತು ಗಂಟೆಯಷ್ಟೇ ಓಡಿದೆಯೆಂದು ತೋರಿಸುವ ಡಿಸ್ಕಿನ ಸ್ಕ್ರೂ ತೂತುಗಳ ಸುತ್ತ ಗೀಚುಗಳಿದ್ದರೆ ಆ ಗೀಚುಗಳನ್ನೇ ನಂಬಬೇಕು.

ಪವರ್ ಸಪ್ಲೈ, ಅಂದರೆ ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ, ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಹದ ತಪ್ಪಿದರೆ ಮದರ್‌ಬೋರ್ಡಿನಿಂದ ಡಿಸ್ಕಿನವರೆಗೆ ಎಲ್ಲವೂ ಸುಡಬಹುದು. ಅದರೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಸಮನಾಗಿ ಬಿಡುವ ಕೆಪಾಸಿಟರುಗಳಲ್ಲಿರುವ ದ್ರವ ಕಾಲಕ್ರಮದಲ್ಲಿ ಆರುತ್ತದೆ, ಮತ್ತು ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಬೇಸಿಗೆ 40 ಡಿಗ್ರಿ ಮುಟ್ಟುವ ತುಂಗಭದ್ರೆಯ ಈ ದಡದಲ್ಲಿ ಆ ಲೆಕ್ಕ ಬೆಂಗಳೂರಿನಲ್ಲಿದ್ದಷ್ಟು ಉದಾರವಾಗಿರದು. ಮುನಿರಾಬಾದು ತುಂಗಭದ್ರಾ ಅಣೆಕಟ್ಟಿನ ಎಡದಂಡೆಯಲ್ಲೇ ವಿದ್ಯುದಾಗಾರವಿರುವ ಊರೆಂಬ ಕಾರಣಕ್ಕೆ ಮನೆಯ ವೋಲ್ಟೇಜು ಅಲುಗಾಡದೆ ನಿಲ್ಲುವುದೂ ಇಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿನಷ್ಟು ವಿದ್ಯುತ್ ಉಳಿದಿರಬಹುದಾದ್ದರಿಂದ ಈ ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷಿಸುವುದು ಮನೆಯವರ ಕೆಲಸವಲ್ಲ. ಹೊಸದನ್ನೇ ತರುವುದು ಅಂಕಣಕಾರನು ಸಡಿಲಿಸದ ಏಕೈಕ ನಿಯಮ. ಜೊತೆಗೊಯ್ಯುವ ಬಗೆಗೇ ಸೇರುವ ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಗೆ ಹಳೆಯ ಮಾಲಿನ ಬೆಲೆಯೂ ಇಲ್ಲ, ಮರುಬಳಕೆಯೂ ಇಲ್ಲ.

ಭಾಗವು ಎಲ್ಲಿ ದುಡಿದು ಬಂದಿದೆ ಎಂಬುದು ಎಷ್ಟು ವರ್ಷ ದುಡಿದಿದೆ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯ ಕಚೇರಿಯಿಂದ ಬಂದ ಮದರ್‌ಬೋರ್ಡಿನ ಮೇಲೆ ತೌಡು, ಹೊಟ್ಟಿನ ಧೂಳು ಕೂತಿದ್ದರೆ ಅದು ಮುಖ್ಯವಾಗಿ ಗಾಳಿಯನ್ನು ತಡೆದು ಶಾಖ ಹೆಚ್ಚಿಸುತ್ತದೆ, ಬ್ರಷ್ಷಿನಿಂದ ಬಿಟ್ಟೂ ಹೋಗುತ್ತದೆ. ಗಿಣಿಗೇರಿ ಆಸುಪಾಸಿನ ಉಕ್ಕು, ಕಬ್ಬಿಣದ ಕಾರ್ಖಾನೆಗಳ ಸೀಮೆಯಿಂದ ಬಂದ ಕಪ್ಪು ಧೂಳಿನಲ್ಲಾದರೋ ಲೋಹದ ಕಣಗಳಿದ್ದರೆ ಅವು ವಿದ್ಯುತ್ತನ್ನು ಹರಿಸಬಲ್ಲವಾದ್ದರಿಂದ, ಮಳೆಗಾಲದ ತೇವ ಸೇರಿದಾಗ ಎರಡು ತಂತುಗಳ ನಡುವೆ ಅಡ್ಡದಾರಿ ಹುಟ್ಟುವ ಸಂಭವವಿರುತ್ತದೆ. ಧೂಳಿನ ಮೇಲೆ ಅಯಸ್ಕಾಂತ ಆಡಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಕಣಗಳು ಅಂಟಿಕೊಂಡರೆ ಬೋರ್ಡನ್ನು ಅಂಗಡಿಯಲ್ಲೇ ಬಿಡುವುದು ಒಳ್ಳೆಯದು, ಆದರೆ ಹಾರ್ಡ್ ಡಿಸ್ಕಿನ ಬಳಿಗೆ ಮಾತ್ರ ಅಯಸ್ಕಾಂತ ಒಯ್ಯಬಾರದು.

ಬೆಲೆಯನ್ನು ವರ್ಷದ ಲೆಕ್ಕಕ್ಕೆ ಇಳಿಸಿ ನೋಡಬೇಕು. 3 ವರ್ಷ ವಾರಂಟಿಯ ಹೊಸ ಭಾಗ 3,000 ರೂಪಾಯಿಗೆ ಸಿಗುವಾಗ ಅದರ ವಾರ್ಷಿಕ ಖರ್ಚು 1,000 ರೂಪಾಯಿ. ಅದೇ ಬಗೆಯ ಹಳೆಯದು 1,200ಕ್ಕೆ ಸಿಕ್ಕಿ ಒಂದೇ ವರ್ಷ ಬಾಳಿದರೆ, ಅಗ್ಗವೆಂದು ತಂದದ್ದೇ 200 ರೂಪಾಯಿ ತುಟ್ಟಿಯಾಗುತ್ತದೆ. ಬಾಳಿಕೆಯಷ್ಟೇ ಅಲ್ಲ, ತಂತ್ರಾಂಶವೂ ಬೆಲೆಯನ್ನು ಇಳಿಸಬಲ್ಲದು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದ್ದು, ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಒಪ್ಪದ ಕಾರಣ, ಆರನೆಯ, ಏಳನೆಯ ಪೀಳಿಗೆಯ ಯಂತ್ರ ಗಟ್ಟಿಮುಟ್ಟಾಗಿದ್ದರೂ ಬೆಲೆ ಕಳೆದುಕೊಂಡಿದೆ. ಲಿನಕ್ಸ್ ಬಳಸಲು ಒಪ್ಪುವ ಮನೆಗೆ ಈ ಇಳಿಕೆ ಲಾಭವೇ; ವಿಂಡೋಸ್ ಬೇಕೇ ಬೇಕೆನ್ನುವವರು ದರ ಕೇಳುವ ಮೊದಲು ಪ್ರೊಸೆಸರಿನ ಮಾದರಿ ಸಂಖ್ಯೆಯನ್ನು ಕೇಳಬೇಕು.