ಸೊನ್ನೆಯನ್ನೂ ಬರೆ

ಮಗಳೇ, ಕಾಲಾ ಅಜಾರ್ ರೋಗ ತಡೆಯುವ ಕೆಲಸಕ್ಕೆ, ಮರಳು ನೊಣ ಎಣಿಸಲು ಬಿಹಾರಕ್ಕೆ ಹೊರಟಿದ್ದೀಯಂತೆ. ಸಂತೋಷ. ಅಲ್ಲಿನವರು ಅದನ್ನು ‘ಬಾಲೂ ಮಕ್ಖಿ’ ಅನ್ನುತ್ತಾರೆ. ಹೆಸರು ನಂಬಿ ಹೊಳೆದಂಡೆಯಲ್ಲಿ ಹುಡುಕಬೇಡ. ಅದರ ಸಂಸಾರವೆಲ್ಲ ಕೊಟ್ಟಿಗೆಯ ತೇವದ ಮಣ್ಣಲ್ಲಿ, ಮಣ್ಣುಗೋಡೆಯ ಬಿರುಕಲ್ಲಿ. 2–3 ಮಿಲಿಮೀಟರ್ ಜೀವ. ಕೂತಾಗ ರೆಕ್ಕೆ ಮೇಲೆತ್ತಿರುತ್ತದೆ, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಸೊಳ್ಳೆಯಂತೆ ಗುಂಯ್‌ಗುಡುವುದಿಲ್ಲವಾಗಿ ಮನೆಯವರಿಗೆ ಸುಳಿವೇ ಸಿಗದು.

ಸಂಜೆ 6ಕ್ಕೆ ಲೈಟ್ ಟ್ರ್ಯಾಪ್ ಕಟ್ಟಿ ಬೆಳಿಗ್ಗೆ 6ಕ್ಕೆ ಬಿಚ್ಚು. ತೊಲೆಗೆ ನೇತುಹಾಕಬೇಡ; ನೆಲಕ್ಕೂ ಗೋಡೆಗೂ ಹತ್ತಿರವಿರಲಿ. ಪ್ರತಿ ಸಲವೂ ಅದೇ ಮನೆಗಳಿಗೆ ಹೋಗು. ನೊಣ ಸಿಗುವ ಮನೆಯನ್ನೇ ಹುಡುಕಿಕೊಂಡು ಹೋದರೆ ಅದು ಬೇಟೆಯಾದೀತು, ಸಮೀಕ್ಷೆ ಆಗದು.

ಶುರುವಿನಲ್ಲಿ ನಾನೂ ಎಡವಿದ್ದೆ. 10 ಮನೆಗಳಲ್ಲಿ ಟ್ರ್ಯಾಪ್ ಇಟ್ಟು, 3ರಲ್ಲಿ ಒಟ್ಟು 12 ನೊಣ ಸಿಕ್ಕಿ, ಆ ಮೂರನ್ನೇ ಬರೆದು ಮನೆಗೆ 4 ಎಂದು ಲೆಕ್ಕ ಒಪ್ಪಿಸಿದೆ. ಮೇಲಿನವರು ಕೇಳಿದರು: “ಉಳಿದ ಏಳು ಮನೆ ನೆರೆಯಲ್ಲಿ ಕೊಚ್ಚಿಹೋದವೇನಪ್ಪಾ?” ಸರಿಯಾದ ಲೆಕ್ಕ 1.2. ಅವತ್ತಿನಿಂದ ಸೊನ್ನೆ ಬಿಟ್ಟಿಲ್ಲ. ಸೊನ್ನೆಯ ಪಕ್ಕದಲ್ಲೇ ಕಾರಣವನ್ನೂ ಬರೆ. ಬ್ಯಾಟರಿ ಇಳಿದು ಬಂದ ಸೊನ್ನೆಯೇ ಬೇರೆ, ಔಷಧಿ ಸಿಂಪಡಿಸಿದ ಗೋಡೆಯ ಸೊನ್ನೆಯೇ ಬೇರೆ.

ಇನ್ನೊಂದು ಮಾತು. ಈ ನೊಣದ ಕಡಿತದಿಂದಲೇ ಕಾಲಾ ಅಜಾರ್ ಹರಡುತ್ತದೆಂದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ನೊಣ ರೋಗಾಣುವನ್ನು ಹೀರುವುದು ಮನುಷ್ಯನಿಂದಲೇ. ಹಾಗಾಗಿ ನೊಣ ನೂರಿದ್ದೂ ರೋಗಿಯಿಲ್ಲದ ಊರಿಗಿಂತ, ನಾಲ್ಕೇ ನೊಣವಿದ್ದು ಚಿಕಿತ್ಸೆ ಸಿಗದ ಒಬ್ಬ ರೋಗಿ ಮಲಗಿರುವ ಊರಿಗೆ ಹೆದರು. ಎರಡು ವಾರ ದಾಟಿದ ಜ್ವರ ಯಾರಿಗಿದೆ, ಹಿಂದೆ ಗುಣವಾದವರ ಚರ್ಮದಲ್ಲಿ ಬಿಳಿಚು ಮಚ್ಚೆ ಎದ್ದಿದೆಯೇ ಎಂದು ಕೇಳು. ಇದ್ದರೆ ಅವತ್ತೇ ಆಶಾ ಕಾರ್ಯಕರ್ತೆಗೆ ತಿಳಿಸು.

10,000 ಜನಕ್ಕೆ ಒಂದಕ್ಕಿಂತ ಕಡಿಮೆ ರೋಗಿ ಎಂಬ ಗುರಿಯನ್ನು ಅಲ್ಲಿನ ಬ್ಲಾಕ್‌ಗಳು ಮುಟ್ಟಿವೆ. ಇನ್ನೇಕೆ ಎಣಿಕೆ ಅಂದಾರು. ರೋಗಿಗಳು ಕಡಿಮೆಯಾಗಿದ್ದಾರೆ, ನೊಣ ಊರು ಬಿಟ್ಟಿಲ್ಲ. ಗೋಡೆಗೆ ಸಿಂಪಡಿಸುತ್ತಿದ್ದ ಡಿಡಿಟಿಗೆ ಅದು ಜಗ್ಗದಾಯಿತೆಂದು ತಿಳಿದದ್ದೂ ಹಿಡಿದು ಪರೀಕ್ಷಿಸಿದವರಿಂದಲೇ. 2015ರ ಹೊತ್ತಿಗೆ ಸಿಂಪಡಿಸಲು ಬೇರೆ ಔಷಧಿ ಬಂತು.

ಬೆಳಿಗ್ಗೆ ಟ್ರ್ಯಾಪ್ ಬಿಚ್ಚಿದಾಗ ಮನೆಯಾಕೆಗೊಮ್ಮೆ ತೋರಿಸು, ಖಾಲಿಯಿದ್ದರೂ ಸರಿ. ರಾತ್ರಿಯಿಡೀ ನಿನ್ನ ದೀಪದ ಪಕ್ಕ ಮಲಗಿದವಳು ಅವಳು. ಸೊನ್ನೆಯ ಸುದ್ದಿ ಮೊದಲು ಅವಳಿಗೆ ಸಲ್ಲಬೇಕು.