9 ವರ್ಷಕ್ಕೇ ಒಂದೇ ಆಟ ಸಾಕೇ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಬ್ಯಾಡ್ಮಿಂಟನ್ ಚೆನ್ನಾಗಿ ಆಡುತ್ತಾಳೆ. ಈಜು, ಖೋ-ಖೋ ಎಲ್ಲ ಬಿಡಿಸಿ, ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಇದನ್ನೇ ಆಡಿಸಿ, ಇಲ್ಲದಿದ್ದರೆ ತಡವಾಗುತ್ತದೆ ಎನ್ನುತ್ತಾರೆ ಕೋಚ್. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ದೊಡ್ಡ ಆಟಗಾರ್ತಿಯಾಗಲು ಈಗಲೇ ಉಳಿದ ಆಟಗಳನ್ನು ಬಿಡಬೇಕೇ ಎಂಬುದು ನಿಮ್ಮ ಸಂದೇಹ. ಬಿಡಬೇಕಾಗಿಲ್ಲ. ಏಕೆಂದು ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಬೇಗ ಆರಂಭಿಸುವುದು ಬೇರೆ, ಬೇಗ ಒಂದಕ್ಕೇ ಸೀಮಿತವಾಗುವುದು ಬೇರೆ. ನಿಮ್ಮ ಮಗಳು ಈಗಲೇ ರ‍್ಯಾಕೆಟ್ ಹಿಡಿದಿದ್ದರಲ್ಲಿ ತಪ್ಪೇನೂ ಇಲ್ಲ. ತಜ್ಞರು ಬೇಡವೆನ್ನುವುದು ವರ್ಷವಿಡೀ ಅದೊಂದನ್ನೇ ಆಡುವುದನ್ನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ನೀಡಿದ ಸಲಹೆಯಂತೆ, ಹೆಚ್ಚಿನ ಆಟಗಳಲ್ಲಿ 15–16 ವರ್ಷದ ತನಕ ಒಂದನ್ನೇ ಆರಿಸಿಕೊಳ್ಳುವ ಅವಸರ ಬೇಡ. ಜಿಮ್ನಾಸ್ಟಿಕ್ಸ್‌ನಂಥ, ಚಿಕ್ಕ ವಯಸ್ಸಿನಲ್ಲೇ ಉತ್ತುಂಗ ತಲುಪುವ ಕೆಲವು ಕ್ರೀಡೆಗಳ ಲೆಕ್ಕ ಬೇರೆ. ಬ್ಯಾಡ್ಮಿಂಟನ್ ಆ ಗುಂಪಿನದಲ್ಲ.

ಎರಡನೆಯದು ದೇಹದ ವಿಷಯ. ಬೆಳೆಯುವ ಮಕ್ಕಳ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಸುತ್ತಲಿನ ಗಟ್ಟಿ ಎಲುಬಿಗಿಂತ ಅದು ದುರ್ಬಲ. ದಿನವೂ ಅದೇ ಜಿಗಿತ, ಅದೇ ತೋಳಿನ ಬೀಸು ನಡೆದರೆ ಒತ್ತಡವೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ಈಜು, ಖೋ-ಖೋ ಸೇರಿದರೆ ಆ ಹೊರೆ ಹಂಚಿಹೋಗುತ್ತದೆ. ಜೊತೆಗೆ ಖೋ-ಖೋದಲ್ಲಿ ಓಡುತ್ತಲೇ ಬಾಗಿ ತಿರುಗುವ ಚುರುಕು ಬ್ಯಾಡ್ಮಿಂಟನ್ ಕೋರ್ಟಿನಲ್ಲೂ ಕೆಲಸಕ್ಕೆ ಬರುತ್ತದೆ.

ಮೂರನೆಯದು, ತಡವಾಗುತ್ತದೆ ಎಂಬ ಭಯ. ಇದಕ್ಕೆ ನಾರ್ವೆಯನ್ನು ನೋಡಿ. ಮಕ್ಕಳ ಕ್ರೀಡೆಗೆಂದೇ ಅಲ್ಲಿ 1987ರಿಂದ ನಿಯಮಗಳಿವೆ; 2007ರಲ್ಲಿ ಮಕ್ಕಳ ಹಕ್ಕುಗಳೂ ಸೇರಿದವು. 11 ವರ್ಷಕ್ಕೆ ಮೊದಲು ರ‍್ಯಾಂಕಿಂಗ್ ಪಟ್ಟಿ ಇಲ್ಲ, 13ಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಸುಮಾರು 53 ಲಕ್ಷ ಜನರ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಮೊದಲ ಸ್ಥಾನ ಪಡೆಯಿತು. ಹಿಮ, ಹಣ, ಸೌಕರ್ಯಗಳ ಪಾಲೂ ಇದರಲ್ಲಿದೆ, ಎಲ್ಲವೂ ಈ ನಿಯಮಗಳ ಫಲವಲ್ಲ. ಆದರೆ ಮಕ್ಕಳನ್ನು ಅವಸರಪಡಿಸದಿದ್ದರೆ ಪದಕ ಬಾರದು ಎಂಬ ಮಾತು ಅಲ್ಲಿ ನಿಲ್ಲಲಿಲ್ಲ. ಅಲ್ಲಿನ ಕಾರ್ಸ್ಟನ್ ವಾರ್ಹೋಮ್ 2013ರ ವಿಶ್ವ ಯೂತ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದದ್ದು ಓಟ, ಜಿಗಿತ, ಎಸೆತಗಳೆಲ್ಲ ಸೇರಿದ ಎಂಟು ಸ್ಪರ್ಧೆಗಳ ಆಕ್ಟಾಥ್ಲಾನ್‌ನಲ್ಲಿ. 400 ಮೀಟರ್ ಹರ್ಡಲ್ಸ್‌ಗೆ ಗಮನ ಕೊಟ್ಟದ್ದು ಆಮೇಲೆ. 2021ರಲ್ಲಿ ಟೋಕಿಯೊದಲ್ಲಿ 45.94 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಒಲಿಂಪಿಕ್ ಚಿನ್ನ ಗೆದ್ದರು.

ಇನ್ನು ನೀವು ಮಾಡಬೇಕಾದದ್ದು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ. ನಿಮ್ಮ ಮಗಳಿಗೆ 9 ಗಂಟೆ ಮಿತಿ. ವಾರಕ್ಕೆ ಒಂದೆರಡು ದಿನ ತರಬೇತಿಗೆ ಬಿಡುವಿರಲಿ. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ, ಬ್ಯಾಡ್ಮಿಂಟನ್‌ಗೆ ರಜೆ ಕೊಟ್ಟು ಬೇರೆ ಆಟ ಆಡಲಿ. ಹಾಗೆಂದು ಮೂರು ಆಟಕ್ಕೆ ಮೂರು ಕೋಚಿಂಗ್ ಸೇರಿಸಬೇಡಿ. ಸಂಜೆ ಬೀದಿಯ ಲಗೋರಿ, ಕುಂಟೆಬಿಲ್ಲೆಯೂ ಆಟವೇ. ಮೊಣಕಾಲು, ಭುಜದ ನೋವು ವಾರ ಕಳೆದರೂ ಇಳಿಯದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕೋಚ್ ಅವರೊಂದಿಗೆ ಜಗಳ ಬೇಡ. ಮೊದಲು ವಾರದ ಗಂಟೆಗಳನ್ನೂ ಬಿಡುವಿನ ದಿನಗಳನ್ನೂ ಒಟ್ಟಿಗೆ ಕುಳಿತು ನಿಗದಿ ಮಾಡಿ. ಒಪ್ಪದಿದ್ದರೆ ಬೇರೆ ಕೋಚ್ ಹುಡುಕಬಹುದು. 9 ವರ್ಷದ ಹುಡುಗಿಗೆ ಅದಕ್ಕೂ ಸಮಯವಿದೆ.